ಮುಖ್ಯ ತಂಡಕ್ಕೂ ಮೊದಲು: ವಿಸ್ಕಿ ಎ ಗೋ ಗೋ ಕ್ಲಬ್ಬು ಮತ್ತು ಜಿಮ್ ಮಾರಿಸನ್‌ನ ಮೂರು ತಿಂಗಳು

ಲಾಸ್ ಏಂಜಲೀಸ್ ಪ್ರದೇಶದಲ್ಲಿ, ಸನ್‌ಸೆಟ್ ಬುಲ್‌ವಾರ್ಡ್ ಮತ್ತು ಕ್ಲಾರ್ಕ್ ಸ್ಟ್ರೀಟ್ ಕೂಡುವ ಮೂಲೆಯಲ್ಲಿ, 8901 ಎಂಬ ಸಂಖ್ಯೆಯ ಕಟ್ಟಡವಿದೆ. ಸುಮಾರು ಐನೂರು ಜನ ಸೇರಿದರೆ ಒಳಗೆ ಕಾಲಿಡಲು ಜಾಗ ಇರುವುದಿಲ್ಲ. 1964ರ ಜನವರಿಯಲ್ಲಿ ಇಲ್ಲಿ ಬಾಗಿಲು ತೆರೆದ ‘ವಿಸ್ಕಿ ಎ ಗೋ ಗೋ’ ಎಂಬ ಸಂಗೀತದ ಕ್ಲಬ್ಬಿಗೆ 2024ರಲ್ಲಿ ಅರವತ್ತು ತುಂಬಿತು. ಓಟಿಸ್ ರೆಡಿಂಗ್, ಕ್ರೀಮ್, ಲೆಡ್ ಜೆಪ್ಪೆಲಿನ್ ಎಂದು ಇಲ್ಲಿ ನುಡಿಸಿ ಹೋದವರ ಹೆಸರು ಹೇಳುತ್ತಾ ಹೋದರೆ ರಾಕ್ ಸಂಗೀತದ ಅರ್ಧ ಚರಿತ್ರೆಯನ್ನೇ ಹೇಳಿದಂತಾಗುತ್ತದೆ.

ಸಂಸ್ಥೆಯೊಂದರ ಚರಿತ್ರೆ ಬರೆಯುವಾಗ ಅಲ್ಲಿಗೆ ಬಂದ ದೊಡ್ಡವರನ್ನು ನೆನೆಯುವುದು ರೂಢಿ. ಆದರೆ ದೊಡ್ಡವರು ಎಲ್ಲಿ ಹಾಡಿದರೂ ದೊಡ್ಡವರೇ. ಅವರನ್ನು ಕರೆಸಿದ್ದು ಸಂಸ್ಥೆಯ ಹಣದ ಬಲವನ್ನು ಹೇಳೀತೇ ಹೊರತು ಗುಣವನ್ನಲ್ಲ. ಗುಣ ತಿಳಿಯಬೇಕಾದರೆ ಮುಖ್ಯ ತಂಡ ವೇದಿಕೆಗೆ ಬರುವ ಮೊದಲು ಅಲ್ಲಿ ಯಾರು ನಿಂತಿದ್ದರು, ಅವರಿಗೆ ಏನು ಸಿಕ್ಕಿತು ಎಂದು ನೋಡಬೇಕು. ವಿಸ್ಕಿಯ ಮಟ್ಟಿಗೆ ಅದಕ್ಕೆ ಒಳ್ಳೆಯ ನಿದರ್ಶನ 1966ರ ಮೇ ತಿಂಗಳಿಂದ ಆಗಸ್ಟ್‌ವರೆಗಿನ ಅವಧಿ. ಆಗ ಅಲ್ಲಿ ಪ್ರತಿ ರಾತ್ರಿ ಮೊದಲ ಸರದಿಯಲ್ಲಿ ಹಾಡುತ್ತಿದ್ದವನ ಹೆಸರು ಜಿಮ್ ಮಾರಿಸನ್. ವಯಸ್ಸು ಇಪ್ಪತ್ತೆರಡು. ಅವನ ತಂಡ ದಿ ಡೋರ್ಸ್.

ಬ್ಯಾಂಕಿನ ಕಟ್ಟಡದಲ್ಲಿ ಕುಣಿತ

ಸನ್‌ಸೆಟ್ ಬುಲ್‌ವಾರ್ಡ್‌ನ ಒಂದೂವರೆ ಮೈಲಿಯಷ್ಟು ಉದ್ದದ ಭಾಗಕ್ಕೆ ಸನ್‌ಸೆಟ್ ಸ್ಟ್ರಿಪ್ ಎಂದು ಹೆಸರು. ಬಹಳ ಕಾಲ ಅದು ಲಾಸ್ ಏಂಜಲೀಸ್ ನಗರದ ಆಡಳಿತಕ್ಕೆ ಸೇರಿರಲಿಲ್ಲ. ನಗರದ ಪೊಲೀಸರಿಗೆ ಅಲ್ಲಿ ಅಧಿಕಾರವಿರಲಿಲ್ಲ. ಕೌಂಟಿಯ ಶೆರಿಫ್‌ನದೇ ಕಾರುಬಾರು, ಕಾನೂನೂ ಸ್ವಲ್ಪ ಸಡಿಲ. ಹಾಗಾಗಿ 1930ರ ದಶಕದಿಂದಲೇ ಟ್ರೊಕಡೇರೊ, ಸಿರೋಸ್, ಮೊಕಾಂಬೊದಂಥ ನೈಟ್ ಕ್ಲಬ್ಬುಗಳು ಅಲ್ಲಿ ಬೇರೂರಿದವು. ಹಾಲಿವುಡ್ಡಿನ ತಾರೆಯರು ಸಂಜೆ ಕಳೆಯುತ್ತಿದ್ದ ಜಾಗ ಅದು. ಐವತ್ತರ ದಶಕದ ಕೊನೆಯ ಹೊತ್ತಿಗೆ ಆ ವೈಭವವನ್ನು ಲಾಸ್ ವೇಗಸ್ ಎಳೆದುಕೊಂಡಿತು, ಸ್ಟ್ರಿಪ್ ಮಂಕಾಯಿತು.

ಅಂಥ ಹೊತ್ತಿನಲ್ಲಿ ಬಂದವನು ಎಲ್ಮರ್ ವ್ಯಾಲೆಂಟೈನ್. ಷಿಕಾಗೋದಲ್ಲಿ ಪೊಲೀಸ್ ಕೆಲಸದಲ್ಲಿದ್ದವನು. ಅದನ್ನು ಬಿಟ್ಟು ಕ್ಯಾಲಿಫೋರ್ನಿಯಾಕ್ಕೆ ಬಂದು ‘ಪಿ.ಜೆ.ಸ್’ ಎಂಬ ನೈಟ್ ಕ್ಲಬ್ಬಿನಲ್ಲಿ ಪಾಲುದಾರನಾಗಿದ್ದ. ಯುರೋಪ್ ಪ್ರವಾಸಕ್ಕೆ ಹೋದಾಗ ಪ್ಯಾರಿಸ್ಸಿನಲ್ಲಿ ‘ವಿಸ್ಕಿ ಎ ಗೋಗೋ’ ಎಂಬ ಡಿಸ್ಕೊಥೆಕ್ ಕಂಡ. ಮೇಜಿಗೆ ಅಂಟಿಕೊಂಡು ಕೂರದೆ ಎದ್ದು ಕುಣಿಯುತ್ತಿದ್ದ ಹುಡುಗ ಹುಡುಗಿಯರು ಅವನ ಕಣ್ಣಿಗೆ ಬಿದ್ದರು. ಊರಿಗೆ ಮರಳಿದವನು ಕೆಲವರ ಜೊತೆ ಸೇರಿ, ಹಿಂದೆ ಬ್ಯಾಂಕ್ ಆಫ್ ಅಮೆರಿಕದ ಶಾಖೆಯಾಗಿದ್ದ ಕಟ್ಟಡವನ್ನು ಹಿಡಿದು, ಪ್ಯಾರಿಸ್ಸಿನ ಹೆಸರನ್ನೇ ಇಟ್ಟು ಕ್ಲಬ್ಬು ಶುರುಮಾಡಿದ.

ಮೊದಲ ಆಕರ್ಷಣೆ ಜಾನಿ ರಿವರ್ಸ್. ಅವನೊಂದಿಗೆ ಒಂದು ವರ್ಷದ ಕರಾರು. ಅವನು ಅಲ್ಲಿ ಹಾಡಿದ್ದನ್ನು ಲೂ ಆಡ್ಲರ್ ಧ್ವನಿಮುದ್ರಿಸಿದ. 1964ರಲ್ಲಿ ಬಂದ ಆ ಆಲ್ಬಂನ ಹೆಸರಿನಲ್ಲೇ ಕ್ಲಬ್ಬಿನ ಹೆಸರೂ ಇತ್ತು. ಅದರಲ್ಲಿದ್ದ ‘ಮೆಂಫಿಸ್’ ಅಮೆರಿಕದ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೇರಿತು. ಜಾಹೀರಾತಿಗೆ ಕಾಸು ಖರ್ಚಿಲ್ಲದೆ ದೇಶದ ಮೂಲೆಮೂಲೆಯ ಮನೆಗಳಿಗೆ ವಿಸ್ಕಿಯ ಹೆಸರು ತಲುಪಿತು.

ರಿವರ್ಸ್ ಹಾಡಿನ ನಡುವಿನ ಬಿಡುವಿನಲ್ಲಿ ಜನ ಕುಣಿಯಲು ರೆಕಾರ್ಡ್ ಹಾಕಬೇಕಿತ್ತು. ರೆಕಾರ್ಡ್ ಹಾಕುವವರಿಗೆ ನೆಲದ ಮೇಲೆ ಜಾಗವಿರಲಿಲ್ಲ. ವೇದಿಕೆಯ ಪಕ್ಕ ಮೇಲಕ್ಕೆ ಗಾಜಿನ ಗೂಡು ತೂಗುಹಾಕಿದರು. ಆ ಕೆಲಸಕ್ಕೆ ಗೊತ್ತುಮಾಡಿದ್ದ ಹುಡುಗಿ ಮೊದಲ ದಿನ ಬರಲಿಲ್ಲ. ಕ್ಲಬ್ಬಿನಲ್ಲಿ ಸಿಗರೇಟು ಮಾರುತ್ತಿದ್ದ ಹುಡುಗಿಯನ್ನೇ ಗೂಡಿಗೆ ಹತ್ತಿಸಿದರು. ರೆಕಾರ್ಡ್ ಹಾಕುತ್ತಲೇ ಆಕೆ ಕುಣಿಯತೊಡಗಿದಳು. ಇದೂ ಕಾರ್ಯಕ್ರಮದ ಭಾಗವೆಂದು ಜನ ತಿಳಿದರು. ‘ಗೋ ಗೋ’ ನರ್ತನವೆಂದು ಆಮೇಲೆ ಲೋಕದಲ್ಲೆಲ್ಲ ಹಬ್ಬಿದ್ದು ಇದೇ. ಇದರಲ್ಲಿ ಕ್ಲಬ್ಬಿನ ಸ್ವಭಾವದ ಸುಳಿವೂ ಇದೆ: ಗೊತ್ತುಮಾಡಿದವರು ಬಾರದಿದ್ದಾಗ ಇದ್ದವರನ್ನೇ ಮೇಲೆ ಹತ್ತಿಸಿ ನೋಡುವ ಧೈರ್ಯ.

1966ರ ಹೊತ್ತಿಗೆ ವ್ಯಾಲೆಂಟೈನ್ ಕಪ್ಪು ಜನರ ಸೋಲ್ ಸಂಗೀತವನ್ನೂ ಸ್ಟ್ರಿಪ್‌ಗೆ ತಂದಿದ್ದ. ಆ ಏಪ್ರಿಲ್‌ನಲ್ಲಿ ಓಟಿಸ್ ರೆಡಿಂಗ್ ವಿಸ್ಕಿಯಲ್ಲಿ ಹಾಡಿದ್ದು ಮುಂದೆ ಆಲ್ಬಂ ಆಗಿ ಬಂತು. ಷಿಕಾಗೋದಿಂದಲೇ ಬಂದ ಮಾರಿಯೋ ಮ್ಯಾಗ್ಲಿಯೇರಿ ಮ್ಯಾನೇಜರ್ ಆಗಿ ಸೇರಿಕೊಂಡ. ಯಾವ ತಂಡವನ್ನು ಕರೆಯಬೇಕು ಎಂದು ನೋಡುತ್ತಿದ್ದವಳು ರಾನಿ ಹ್ಯಾರನ್ ಎಂಬ ತರುಣಿ. ಮುಂದಿನ ಕಥೆಗೆ ಈಕೆಯ ಕಿವಿಯೇ ಕಾರಣ.

ಖಾಲಿ ಕ್ಲಬ್ಬಿನ ತಾಲೀಮು

ಡೋರ್ಸ್ ತಂಡ ಕೂಡಿದ್ದು 1965ರಲ್ಲಿ. ಮಾರಿಸನ್ ಮತ್ತು ರೇ ಮ್ಯಾನ್ಜರೆಕ್ ಇಬ್ಬರೂ ಯು.ಸಿ.ಎಲ್.ಎ.ಯಲ್ಲಿ ಸಿನಿಮಾ ಓದಿದವರು. ಆ ಬೇಸಿಗೆಯಲ್ಲಿ ವೆನಿಸ್ ಬೀಚಿನಲ್ಲಿ ಎದುರಾದಾಗ ಮಾರಿಸನ್ ತಾನು ಬರೆದ ಹಾಡು ಕೇಳಿಸಿದ, ಅಲ್ಲಿಂದ ತಂಡದ ಮಾತು ಹುಟ್ಟಿತು. ಡ್ರಮ್ಮು ನುಡಿಸುವ ಜಾನ್ ಡೆನ್ಸ್‌ಮೋರ್ ಮತ್ತು ಗಿಟಾರಿನ ರಾಬಿ ಕ್ರೀಗರ್ ಮಹರ್ಷಿ ಮಹೇಶ್ ಯೋಗಿ ಅವರ ಧ್ಯಾನ ಶಿಬಿರದ ಬಳಗದಿಂದ ಬಂದರು. ಕ್ರೀಗರ್‌ಗೆ ಫ್ಲಮೆಂಕೋ ಗಿಟಾರಿನ ಅಭ್ಯಾಸವಿತ್ತು, ಹಿಂದೂಸ್ತಾನಿ ಸಂಗೀತದ ಸೆಳೆತವೂ ಇತ್ತು. ತಂಡದ ಮೊದಲ ಮಾದರಿ ಧ್ವನಿಮುದ್ರಣ ಆದದ್ದು ವರ್ಲ್ಡ್ ಪೆಸಿಫಿಕ್ ಸ್ಟುಡಿಯೋದಲ್ಲಿ. ಪಂಡಿತ್ ರವಿಶಂಕರ್ ಅವರ ರೆಕಾರ್ಡುಗಳನ್ನು ಅಮೆರಿಕದಲ್ಲಿ ಹೊರತಂದ ಕಂಪನಿಯೇ ಅದು.

ಆ ಮಾದರಿಯನ್ನು ಹಿಡಿದು ಅಲೆದದ್ದಕ್ಕೆ ಫಲ ಅಷ್ಟಕ್ಕಷ್ಟೆ. ಕೊಲಂಬಿಯಾ ಕಂಪನಿ ಕರಾರು ಮಾಡಿಕೊಂಡು ಏನೂ ಮಾಡದೆ ಕೈಬಿಟ್ಟಿತು. 1966ರ ಮೊದಲಲ್ಲಿ ಕೆಲಸ ಸಿಕ್ಕಿದ್ದು ವಿಸ್ಕಿಯಿಂದ ಕೂಗಳತೆ ದೂರದ ‘ಲಂಡನ್ ಫಾಗ್’ ಎಂಬ ಸಣ್ಣ ಕ್ಲಬ್ಬಿನಲ್ಲಿ. ರಾತ್ರಿಗೆ ನಾಲ್ಕೈದು ಸುತ್ತು ನುಡಿಸಬೇಕು, ಕೇಳುವವರು ಬೆರಳೆಣಿಕೆಯಷ್ಟು. ಆ ದಿನಗಳ ಮಾರಿಸನ್‌ಗೆ ಜನರನ್ನು ಎದುರಿಸಲು ಅಳುಕು. ಜೊತೆಗಾರರ ಕಡೆ ಮುಖಮಾಡಿ, ಪ್ರೇಕ್ಷಕರಿಗೆ ಬೆನ್ನು ಹಾಕಿ ಹಾಡುತ್ತಿದ್ದ. ಮುಂದೆ ಸಾವಿರಾರು ಜನರನ್ನು ಕಣ್ಣಲ್ಲೇ ಹಿಡಿದು ನಿಲ್ಲಿಸಿದವನ ಆರಂಭ ಹೀಗಿತ್ತು.

ಖಾಲಿ ಕ್ಲಬ್ಬಿನಿಂದಲೂ ಲಾಭವಿತ್ತು. ಕೇಳುವವರಿಲ್ಲದ ಕಡೆ ತಪ್ಪಿದರೆ ನಗುವವರೂ ಇಲ್ಲ. ಸ್ವಂತ ಹಾಡು ಸಾಲದಿದ್ದಾಗ ಬ್ಲೂಸ್ ಹಾಡುಗಳನ್ನು ಎತ್ತಿಕೊಂಡರು, ಹೊತ್ತು ತುಂಬಲು ಹಾಡಿನ ನಡುವೆ ವಾದ್ಯಗಳನ್ನು ಲಂಬಿಸಿದರು. ಬೇಸ್ ಗಿಟಾರ್ ನುಡಿಸುವವರು ತಂಡದಲ್ಲಿರಲಿಲ್ಲ. ಮ್ಯಾನ್ಜರೆಕ್ ಬಲಗೈಯಲ್ಲಿ ವಾಕ್ಸ್ ಆರ್ಗನ್ ನುಡಿಸುತ್ತ ಎಡಗೈಯಲ್ಲಿ ಫೆಂಡರ್ ರೋಡ್ಸ್ ಪಿಯಾನೋ ಬೇಸ್ ನುಡಿಸಿ ಆ ಕೊರತೆ ತುಂಬಿದ. ಆ ಎಡಗೈ ಬಿಡದೆ ಮತ್ತೆ ಮತ್ತೆ ಸುತ್ತುವ ಸ್ವರಗಳೇ ಡೋರ್ಸ್ ಸಂಗೀತದ ಗುರುತಾದವು. ಆ ಮೇ ತಿಂಗಳಲ್ಲಿ ಲಂಡನ್ ಫಾಗ್‌ನಲ್ಲಿ ಒಬ್ಬರು ಟೇಪಿನಲ್ಲಿ ಹಿಡಿದಿಟ್ಟ ಸ್ವಲ್ಪ ಭಾಗ ಅರ್ಧ ಶತಮಾನದ ನಂತರ, 2016ರಲ್ಲಿ ಬಿಡುಗಡೆಯಾಯಿತು. ಪಳಗದ ತಂಡ, ಆದರೆ ದಾರಿ ಗೊತ್ತಿರುವ ತಂಡ ಎಂಬುದು ಅದನ್ನು ಕೇಳಿದರೆ ತಿಳಿಯುತ್ತದೆ.

ಮೇ ತಿಂಗಳಲ್ಲಿ ಲಂಡನ್ ಫಾಗ್ ಅವರನ್ನು ಬಿಡಿಸಿತು. ಅದೇ ದಿನಗಳಲ್ಲಿ ರಾನಿ ಹ್ಯಾರನ್ ಅಲ್ಲಿಗೆ ಬಂದು ಹಾಡು ಕೇಳಿದ್ದಳು. ಆಕೆ ವ್ಯಾಲೆಂಟೈನ್‌ನನ್ನು ಒಪ್ಪಿಸಿದಳು. ಸ್ಟ್ರಿಪ್‌ನ ಅತಿ ಬಡ ವೇದಿಕೆಯಿಂದ ಅತಿ ದೊಡ್ಡ ವೇದಿಕೆಗೆ ಡೋರ್ಸ್ ಬಂದದ್ದು ಹೀಗೆ. ನಡೆದ ದೂರ ಕೆಲವೇ ಹೆಜ್ಜೆ.

ಮೊದಲ ಸರದಿ

ವಿಸ್ಕಿಯಲ್ಲಿ ಅವರು ಹೌಸ್ ಬ್ಯಾಂಡ್, ಅಂದರೆ ಕ್ಲಬ್ಬಿನ ಕಾಯಂ ತಂಡ. ಬೋರ್ಡಿನಲ್ಲಿ ದೊಡ್ಡ ಅಕ್ಷರದಲ್ಲಿ ಹೆಸರಿರುವ ಮುಖ್ಯ ತಂಡ ಬಂದು ಕೆಲವು ದಿನ ನುಡಿಸಿ ಹೋಗುತ್ತದೆ; ಕಾಯಂ ತಂಡ ಅಲ್ಲೇ ಉಳಿಯುತ್ತದೆ. ರಾತ್ರಿಗೆ ಎರಡು ಸುತ್ತು ನುಡಿಸಿ ಜನರನ್ನು ಹದಕ್ಕೆ ತಂದುಕೊಡುವುದು ಅದರ ಕೆಲಸ, ಅದಕ್ಕೆ ವಾರದ ಸಂಬಳ.

ಯಕ್ಷಗಾನ ಕಂಡವರಿಗೆ ಈ ಏರ್ಪಾಡು ಹೊಸದೇನಲ್ಲ. ಪ್ರಸಂಗ ಶುರುವಾಗುವ ಮೊದಲು ಪೂರ್ವರಂಗದಲ್ಲಿ ಕೋಡಂಗಿ ವೇಷ, ಬಾಲಗೋಪಾಲ ವೇಷ ಕಟ್ಟಿ ಕುಣಿಯುವವರು ಮೇಳದ ಎಳೆಯ ಕಲಾವಿದರು. ಜನ ಇನ್ನೂ ಬಂದು ಕೂರುತ್ತಿರುತ್ತಾರೆ. ಹೆಸರಾಂತ ವೇಷಧಾರಿಗಳು ಚೌಕಿಯಲ್ಲಿ ಬಣ್ಣ ಹಚ್ಚುತ್ತಿರುತ್ತಾರೆ. ಎಳೆಯ ಕಲಾವಿದ ಅಲ್ಲಿ ಹೆಜ್ಜೆ ತಪ್ಪಿಸಿ, ತಿದ್ದಿಕೊಂಡು, ಆಮೇಲೆ ರಾತ್ರಿಯಿಡೀ ಹಿರಿಯರ ವೇಷ ನೋಡುತ್ತ ಕಲಿಯುತ್ತಾನೆ. ವಿಸ್ಕಿಯ ಮೊದಲ ಸರದಿಯೂ ಇಂಥದೇ ಕಲಿಕೆ. ತಿರುಗಾಟದಲ್ಲಿ ಮೇಳ ಊರೂರು ಅಲೆಯುತ್ತದೆ, ಇಲ್ಲಿ ಊರೂರಿನ ತಂಡಗಳೇ ಒಂದು ವೇದಿಕೆಗೆ ಬರುತ್ತಿದ್ದವು ಎಂಬುದಷ್ಟೇ ವ್ಯತ್ಯಾಸ.

ಬಂದವರಾದರೂ ಯಾರು? ಆರ್ಥರ್ ಲೀ ಕಟ್ಟಿದ ಲವ್, ಫ್ರ್ಯಾಂಕ್ ಜ್ಯಾಪಾನ ಮದರ್ಸ್ ಆಫ್ ಇನ್ವೆನ್ಷನ್, ಕ್ಯಾಪ್ಟನ್ ಬೀಫ್‌ಹಾರ್ಟ್, ಟರ್ಟಲ್ಸ್. ನೀಲ್ ಯಂಗ್ ಮತ್ತು ಸ್ಟೀಫನ್ ಸ್ಟಿಲ್ಸ್ ಇದ್ದ ಬಫೆಲೋ ಸ್ಪ್ರಿಂಗ್‌ಫೀಲ್ಡ್ ಕೂಡ ಆ ಬೇಸಿಗೆಯಲ್ಲಿ ಇದೇ ವೇದಿಕೆಯಲ್ಲಿ ವಾರಗಟ್ಟಲೆ ನುಡಿಸಿ ಪಳಗಿತು. ಇವರಲ್ಲಿ ಒಬ್ಬರ ಹಾದಿ ಇನ್ನೊಬ್ಬರದಲ್ಲ. ಜ್ಯಾಪಾನದು ವ್ಯಂಗ್ಯ, ಬೀಫ್‌ಹಾರ್ಟ್‌ನದು ಒರಟು ಬ್ಲೂಸ್, ಸ್ಪ್ರಿಂಗ್‌ಫೀಲ್ಡ್‌ನದು ಹದವಾಗಿ ಬೆರೆತ ಕಂಠಗಳು. ಇಂಥವರ ಮುಂದೆ ಪ್ರತಿ ರಾತ್ರಿ ಮೊದಲು ನುಡಿಸುವ ತಂಡಕ್ಕೆ ಯಾರ ನಕಲಾಗಿಯೂ ಉಳಿಯಲು ಸಾಧ್ಯವಿಲ್ಲ. ಈ ವಾರ ಒಬ್ಬರಂತೆ ನುಡಿಸಿದರೆ ಮುಂದಿನ ವಾರ ಅವರೇ ಎದುರು ಬಂದು ನಿಲ್ಲುತ್ತಾರೆ.

ಜೂನ್‌ನಲ್ಲಿ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನಿಂದ ‘ದೆಮ್’ ತಂಡ ಬಂತು. ಅದರ ಹಾಡುಗಾರ ವ್ಯಾನ್ ಮಾರಿಸನ್. ಕುಲನಾಮ ಒಂದೇ, ಸಂಬಂಧವಿಲ್ಲ. ಅವನು ಬರೆದ ‘ಗ್ಲೋರಿಯಾ’ವನ್ನು ಡೋರ್ಸ್ ಮೊದಲಿಂದಲೂ ತಮ್ಮ ಕಾರ್ಯಕ್ರಮದಲ್ಲಿ ಹಾಡುತ್ತಿದ್ದರು. ಈಗ ಹಾಡಿನ ಒಡೆಯನೇ ಕಣ್ಣೆದುರು. ಕುಳ್ಳು ಆಳು, ಸಿಡುಕು ಮುಖ, ಮೈಕ್ ಸ್ಟ್ಯಾಂಡನ್ನು ಹಿಡಿದು ವೇದಿಕೆ ನಡುಗಿಸುವಂಥ ಆವೇಶ. ಜಿಮ್ ಅದನ್ನು ರಾತ್ರಿ ರಾತ್ರಿ ನಿಂತು ನೋಡಿದ. ಜೂನ್ 18, ದೆಮ್ ತಂಡದ ಕೊನೆಯ ರಾತ್ರಿ, ಎರಡೂ ತಂಡ ಒಟ್ಟಿಗೆ ವೇದಿಕೆ ಹತ್ತಿ ‘ಗ್ಲೋರಿಯಾ’ವನ್ನು ಎಳೆದಾಡಿ ಹಾಡಿದವು. ಲಂಡನ್ ಫಾಗ್‌ನಲ್ಲಿ ಬೆನ್ನು ತಿರುಗಿಸಿ ಹಾಡುತ್ತಿದ್ದವನು ಜನರಿಗೆ ಪೂರ್ತಿ ಮುಖ ಕೊಟ್ಟದ್ದು ವಿಸ್ಕಿಯ ಆ ವಾರಗಳಲ್ಲಿ.

ಹಾಡುಗಳೂ ಬೆಳೆದವು. ‘ಲೈಟ್ ಮೈ ಫೈರ್’ ಹೆಚ್ಚಾಗಿ ಕ್ರೀಗರ್ ಬರೆದ ಹಾಡು. ಜಾನ್ ಕೋಲ್ಟ್ರೇನ್‌ನ ಜ್ಯಾಜ್ ಕೇಳಿ ಬೆಳೆದವರು ಅದರ ನಡುವೆ ಆರ್ಗನ್ನಿಗೆ, ಗಿಟಾರಿಗೆ ಬೇಕಾದಷ್ಟು ಹೊತ್ತು ಬಿಟ್ಟುಕೊಟ್ಟರು; ಆಲ್ಬಂಗೆ ಬರುವಾಗ ಅದು ಏಳು ನಿಮಿಷದಷ್ಟಾಗಿತ್ತು. ‘ದಿ ಎಂಡ್’ ಹುಟ್ಟಿದಾಗ ಪ್ರೇಮಕ್ಕೆ ವಿದಾಯ ಹೇಳುವ ಪುಟ್ಟ ಹಾಡು. ಕ್ರೀಗರ್ ಗಿಟಾರಿನ ತಂತಿಗಳನ್ನು ಬೇರೆ ಶ್ರುತಿಗೆ ಇಳಿಸಿ, ಸಿತಾರಿನ ಹಾಗೆ ಆಧಾರ ಸ್ವರ ಮೊಳಗುತ್ತಲೇ ಇರುವಂತೆ ನುಡಿಸಿದ. ಆ ಮೊಳಗಿನ ಮೇಲೆ ಮಾರಿಸನ್ ಪ್ರತಿ ರಾತ್ರಿ ಹೊಸ ಮಾತು ಸೇರಿಸುತ್ತ ಹೋದ. ರಾಗವೊಂದು ಕಛೇರಿಯಿಂದ ಕಛೇರಿಗೆ ಬೆಳೆಯುವುದನ್ನು ಬಲ್ಲ ನಮಗೆ ಇದು ಅಚ್ಚರಿಯಲ್ಲ. ಮೂರು ನಿಮಿಷದ ಹಾಡಿಗೆ ಒಗ್ಗಿದ್ದ ಅಂದಿನ ಅಮೆರಿಕದ ಪಾಪ್ ಸಂಗೀತಕ್ಕೆ ಅದು ದೊಡ್ಡ ಧೈರ್ಯ. ಮುಖ್ಯ ತಂಡವಾಗಿದ್ದರೆ ಗೆದ್ದ ಹಾಡನ್ನು ಗೆದ್ದ ಹಾಗೆಯೇ ಹಾಡಿ ಎಂದು ಜನ ಕೇಳುತ್ತಿದ್ದರು. ಯಾರಿಗೂ ಹೆಸರು ಗೊತ್ತಿಲ್ಲದ ತಂಡಕ್ಕೆ ಆ ಹಂಗಿರಲಿಲ್ಲ.

ಕೇಳಲು ಮತ್ತೆ ಬಂದವನು

ಎಲೆಕ್ಟ್ರಾ ರೆಕಾರ್ಡ್ಸ್‌ನ ಒಡೆಯ ಜ್ಯಾಕ್ ಹೋಲ್ಜ್‌ಮನ್ ಜನಪದ ಹಾಡುಗಳ ರೆಕಾರ್ಡು ಮಾಡಿ ಹೆಸರಾದವನು. ರಾಕ್ ಸಂಗೀತಕ್ಕೆ ಆಗಷ್ಟೇ ಕಾಲಿಡುತ್ತಿದ್ದ. ಅವನ ಕಂಪನಿಯ ಹೊಸ ತಂಡ ಲವ್. ಆಗಸ್ಟ್‌ನಲ್ಲಿ ಲವ್‌ನ ಹಾಡು ಕೇಳಲು ವಿಸ್ಕಿಗೆ ಬಂದವನಿಗೆ, ಜೊತೆಯಲ್ಲಿ ನುಡಿಸುವ ತಂಡವನ್ನೂ ಕೇಳಿ ಎಂದು ಹೇಳಿದವನು ಆರ್ಥರ್ ಲೀ. ತನಗಿಂತ ಮುಂದೆ ಹೋಗಬಹುದಾದ ತಂಡವನ್ನು ತನ್ನದೇ ಕಂಪನಿಯ ಒಡೆಯನಿಗೆ ತೋರಿಸಿಕೊಟ್ಟ ಮುಖ್ಯ ತಂಡದ ನಾಯಕ! ಡೋರ್ಸ್ ಕಥೆಯಲ್ಲಿ ಆರ್ಥರ್ ಲೀಗೆ ಸಲ್ಲಬೇಕಾದ ಗೌರವ ಸಂದದ್ದು ಕಡಿಮೆ.

ಮೊದಲ ರಾತ್ರಿ ಹೋಲ್ಜ್‌ಮನ್‌ಗೆ ತಂಡ ಹಿಡಿಸಲಿಲ್ಲ. ಆದರೂ ಏನೋ ಇದೆ ಅನಿಸಿ ಮತ್ತೆ ಬಂದ, ಮತ್ತೆ ಮತ್ತೆ ಬಂದ. ಬ್ರೆಖ್ಟ್ ಮತ್ತು ಕುರ್ಟ್ ವೈಲ್ ಅವರ ‘ಅಲಬಾಮಾ ಸಾಂಗ್’ ಅನ್ನು, ಜರ್ಮನಿಯ ರಂಗಭೂಮಿಯ ಆ ಹಾಡನ್ನು, ಒಂದು ರಾಕ್ ತಂಡ ತನ್ನದನ್ನಾಗಿ ಮಾಡಿಕೊಂಡ ರೀತಿ ಕೇಳಿದಾಗ ಅವನಿಗೆ ತಂಡದ ಒಳಗುಟ್ಟು ಹೊಳೆಯಿತು. ನಿರ್ಮಾಪಕ ಪಾಲ್ ರಾಥ್‌ಚೈಲ್ಡ್‌ನನ್ನೂ ಕರೆತಂದು ಕೇಳಿಸಿದ. ಆಗಸ್ಟ್ ಮಧ್ಯದ ಹೊತ್ತಿಗೆ ಎಲೆಕ್ಟ್ರಾ ಅವರನ್ನು ಒಪ್ಪಿಕೊಂಡಿತ್ತು.

ಇದರಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಹೋಲ್ಜ್‌ಮನ್ ಮತ್ತೆ ಬರಲು ಸಾಧ್ಯವಾದದ್ದು ತಂಡ ಮರುದಿನವೂ ಅಲ್ಲೇ ಇದ್ದುದರಿಂದ. ಒಂದೇ ರಾತ್ರಿಯ ಅವಕಾಶವಾಗಿದ್ದರೆ ಅವನು ತಲೆಯಾಡಿಸಿ ನ್ಯೂಯಾರ್ಕಿಗೆ ವಿಮಾನ ಹತ್ತುತ್ತಿದ್ದ. ತಂಡ ಕಲಿಯಲು ದಿನಗಳು ಬೇಕಾದಂತೆ, ಕಿವಿಯೂ ಆ ತಂಡಕ್ಕೆ ಒಗ್ಗಲು ದಿನಗಳು ಬೇಕು. ಕಾಯಂ ತಂಡದ ಪದ್ಧತಿ ಎರಡನ್ನೂ ಒದಗಿಸಿತು.

ಆಗಸ್ಟ್ 21

ವಿಸ್ಕಿಯ ಬಗ್ಗೆ ಹೆಚ್ಚು ಜನ ಬಲ್ಲ ಕಥೆ ಇದು. ಆ ರಾತ್ರಿಯ ಮೊದಲ ಸುತ್ತಿಗೆ ಮಾರಿಸನ್ ಬರಲೇ ಇಲ್ಲ. ಉಳಿದ ಮೂವರೇ ಹೇಗೋ ನುಡಿಸಿ ಮುಗಿಸಿದರು. ಆಮೇಲೆ ಅವನು ಉಳಿದುಕೊಂಡಿದ್ದ ಟ್ರಾಪಿಕಾನಾ ಮೊಟೆಲಿಗೆ ಹೋಗಿ, ಎಲ್.ಎಸ್.ಡಿ. ಅಮಲಿನಲ್ಲಿದ್ದವನನ್ನು ಎಬ್ಬಿಸಿ ತಂದರು. ಎರಡನೇ ಸುತ್ತಿನ ನಡುವೆ ಅವನು ‘ದಿ ಎಂಡ್’ ಬೇಕೆಂದ. ಎಂದಿನಂತೆ ಹಾಡು ನಿಧಾನಕ್ಕೆ ಸಾಗಿತು. ನಡುವಿನ ಬಿಡುವಿನಲ್ಲಿ ಅವನು ಆವರೆಗೆ ಹೇಳಿರದ ಮಾತು ಶುರುಮಾಡಿದ. ಗ್ರೀಕರ ಈಡಿಪಸ್ ಕಥೆಯನ್ನು, ತಂದೆಯನ್ನು ಕೊಲ್ಲುವ, ತಾಯಿಯನ್ನು ಬಯಸುವ ಕಥೆಯನ್ನು, ತನ್ನ ಬಾಯಿಂದಲೇ ಉತ್ತಮ ಪುರುಷದಲ್ಲಿ ಹೇಳಿ, ಕಿರುಚಿ ಮುಗಿಸಿದ. ಕುಣಿಯುತ್ತಿದ್ದವರು ನಿಂತುಬಿಟ್ಟಿದ್ದರು.

ಕ್ಲಬ್ಬಿನವರು ಅಂದೇ ರಾತ್ರಿ ತಂಡವನ್ನು ಕೆಲಸದಿಂದ ತೆಗೆದರು. ವಿಸ್ಕಿಯನ್ನು ಹಳಿಯಲು ಈ ಪ್ರಸಂಗವನ್ನು ಬಳಸುವುದುಂಟು: ಕಲೆ ಅರಿಯದ ಅಂಗಡಿಯವರು ಮೇಧಾವಿಯನ್ನು ಹೊರದಬ್ಬಿದರು ಎಂದು. ಇದು ಅರ್ಧ ಸತ್ಯ. ಕುಣಿಯಲು ಬಂದ ಜನರ ನಡುವೆ ಹನ್ನೊಂದು ನಿಮಿಷದ ಸಾವಿನ ಹಾಡನ್ನು ಅದಕ್ಕೂ ಮೊದಲು ಎಷ್ಟೋ ರಾತ್ರಿ ಹಾಡಲು ಬಿಟ್ಟವರೂ ಇದೇ ಅಂಗಡಿಯವರೇ. ಸಮಯಕ್ಕೆ ಬಾರದ ಹಾಡುಗಾರನನ್ನು ಮೂರು ತಿಂಗಳು ಸಹಿಸಿದ್ದರು. ಅವನನ್ನು ಕಳಿಸುವ ಹೊತ್ತಿಗೆ ತಂಡಕ್ಕೆ ವಿಸ್ಕಿಯಿಂದ ಸಿಗಬೇಕಾದ್ದೆಲ್ಲ ಸಿಕ್ಕಾಗಿತ್ತು.

ಮೂರು ತಿಂಗಳ ಫಲ

ಆ ತಿಂಗಳ ಕೊನೆಯಲ್ಲೇ ಡೋರ್ಸ್ ಸನ್‌ಸೆಟ್ ಸೌಂಡ್ ಸ್ಟುಡಿಯೋಗೆ ಹೋಯಿತು. ರಾಥ್‌ಚೈಲ್ಡ್ ನಿರ್ಮಾಪಕ, ಬ್ರೂಸ್ ಬಾಟ್ನಿಕ್ ಧ್ವನಿಮುದ್ರಕ, ನಾಲ್ಕೇ ಟ್ರ್ಯಾಕಿನ ಯಂತ್ರ. ಕೆಲವೇ ದಿನಗಳಲ್ಲಿ ಕೆಲಸ ಮುಗಿಯಿತು. ಹಾಡುಗಳು ವಿಸ್ಕಿಯಲ್ಲಿ ರಾತ್ರಿಗೆ ಎರಡು ಬಾರಿ ತಿದ್ದಿ ತೀಡಿ ಕೈಗೆ ಕೂತಿದ್ದವು. ಸ್ಟುಡಿಯೋದಲ್ಲಿ ಹೊಸದಾಗಿ ಕಟ್ಟುವುದು ಹೆಚ್ಚೇನೂ ಉಳಿದಿರಲಿಲ್ಲ. ಕೆಲಸ ಕಳೆದುಕೊಳ್ಳಲು ಕಾರಣವಾದ ಹಾಡೂ ಆಲ್ಬಂನ ಕೊನೆಯಲ್ಲಿ ಸೇರಿತು.

ಆಲ್ಬಂ ಬಂದದ್ದು 1967ರ ಜನವರಿ 4ಕ್ಕೆ. ಸನ್‌ಸೆಟ್ ಸ್ಟ್ರಿಪ್‌ನಲ್ಲಿ ಅದಕ್ಕಾಗಿ ಎಲೆಕ್ಟ್ರಾ ದೊಡ್ಡ ಜಾಹೀರಾತು ಫಲಕ ನಿಲ್ಲಿಸಿತು. ಸಿನಿಮಾ, ಸಿಗರೇಟುಗಳ ಫಲಕ ಕಂಡಿದ್ದ ಆ ರಸ್ತೆಗೆ ರಾಕ್ ತಂಡದ ಫಲಕ ಹೊಸದು. ಆದರೂ ತಂಡದ ಮೊದಲ ಸರದಿಯ ಬದುಕು ತಕ್ಷಣ ಮುಗಿಯಲಿಲ್ಲ. ಅದೇ ತಿಂಗಳು ಸ್ಯಾನ್ ಫ್ರಾನ್ಸಿಸ್ಕೋದ ಫಿಲ್‌ಮೋರ್‌ನಲ್ಲಿ ಯಂಗ್ ರಾಸ್ಕಲ್ಸ್ ಮುಖ್ಯ ತಂಡ, ಸಾಪ್‌ವಿತ್ ಕ್ಯಾಮೆಲ್ ಎರಡನೆಯದು, ಕೊನೆಯ ಹೆಸರು ಡೋರ್ಸ್. ಜುಲೈನಲ್ಲಿ ‘ಲೈಟ್ ಮೈ ಫೈರ್’ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿ ಮೂರು ವಾರ ಅಲ್ಲೇ ನಿಂತಿತು. ಅಲ್ಲಿಂದಾಚೆಗೆ ಮಾರಿಸನ್ ಇತರರಿಗಿಂತ ಮೊದಲು ಹಾಡಬೇಕಾಗಿ ಬಂದದ್ದು ಅಪರೂಪ. 1971ರ ಜುಲೈ 3ರಂದು ಪ್ಯಾರಿಸ್ಸಿನಲ್ಲಿ ತೀರಿಕೊಂಡಾಗ ಅವನ ವಯಸ್ಸು ಇಪ್ಪತ್ತೇಳು. ಅಷ್ಟು ಸಣ್ಣ ಆಯುಷ್ಯದಲ್ಲಿ ಕೆಲಸ ಕಲಿಯಲು ಸಿಕ್ಕ ಕಾಲವೆಂದರೆ ಲಂಡನ್ ಫಾಗ್ ಮತ್ತು ವಿಸ್ಕಿಯ ಅರ್ಧ ವರ್ಷ.

ಆಮೇಲಿನ ವಿಸ್ಕಿ

1966ರ ನವೆಂಬರಿನಲ್ಲಿ ಸ್ಟ್ರಿಪ್‌ನ ಬೀದಿಯೇ ಸಿಡಿಯಿತು. ಹದಿನೆಂಟು ತುಂಬದವರು ರಾತ್ರಿ ಹತ್ತರ ನಂತರ ಹೊರಗೆ ಸುತ್ತಬಾರದೆಂಬ ನಿಯಮವನ್ನು ಬಿಗಿಗೊಳಿಸಿದ್ದಕ್ಕೆ ತರುಣರು ಬೀದಿಗಿಳಿದರು, ಪೊಲೀಸರೊಡನೆ ಘರ್ಷಣೆಯಾಯಿತು. ಎಳೆಯರಿಗೆ ಪ್ರವೇಶ ಕೊಡುವ ಪರವಾನಗಿಯನ್ನು ಕ್ಲಬ್ಬುಗಳಿಂದ ಕಿತ್ತುಕೊಂಡದ್ದು ಸ್ಟ್ರಿಪ್‌ಗೆ ದೊಡ್ಡ ಪೆಟ್ಟು. ವಿಸ್ಕಿ ತಡೆದುಕೊಂಡಿತು. 1969ರ ಜನವರಿಯಲ್ಲಿ ಅಮೆರಿಕಕ್ಕೆ ಹೊಸದಾಗಿ ಬಂದಿದ್ದ ಲೆಡ್ ಜೆಪ್ಪೆಲಿನ್ ಅಲ್ಲಿ ನುಡಿಸಿತು. ಆಗ ಮೊದಲ ಸರದಿ ಆಲಿಸ್ ಕೂಪರ್‌ನದು. ಎಪ್ಪತ್ತರ ದಶಕದ ಕೊನೆಗೆ ಪಂಕ್ ತಂಡಗಳು ಬಂದವು, ವ್ಯಾನ್ ಹೇಲನ್ ಬೆಳೆಯಿತು.

1982ರಲ್ಲಿ ಬಾಗಿಲು ಮುಚ್ಚಿದ ಕ್ಲಬ್ಬು 1986ರಲ್ಲಿ ಮತ್ತೆ ತೆರೆಯಿತು. ಆದರೆ ಸ್ಟ್ರಿಪ್‌ನ ವ್ಯವಹಾರವೇ ಅಷ್ಟರಲ್ಲಿ ಬದಲಾಗಿತ್ತು. ಕಾರ್ಯಕ್ರಮ ನಡೆಸುವವರು ಸಭಾಂಗಣ ಬಾಡಿಗೆಗೆ ಹಿಡಿಯುತ್ತಿದ್ದರು. ಹೊಸ ತಂಡಗಳು ತಾವೇ ದುಡ್ಡು ಕೊಟ್ಟು ಟಿಕೆಟ್ ಕಟ್ಟುಗಳನ್ನು ಕೊಂಡು, ಗೆಳೆಯರಿಗೆ ಮಾರಿ, ಅರ್ಧ ಗಂಟೆಯ ವೇದಿಕೆ ಪಡೆಯಬೇಕಿತ್ತು. ವಾರದ ಸಂಬಳ ಪಡೆದು ಕಲಿಯುತ್ತಿದ್ದ ಜಾಗದಲ್ಲಿ ಕಲಿಯಲು ಬಂದವನೇ ಕಾಸು ಕಟ್ಟಬೇಕಾಯಿತು. ಮರುದಿನ ಅದೇ ವೇದಿಕೆ ಸಿಗುವ ಭರವಸೆಯಿರಲಿಲ್ಲ, ಮುಖ್ಯ ತಂಡಗಳನ್ನು ತಿಂಗಳುಗಟ್ಟಲೆ ನೋಡಿ ಕಲಿಯುವ ಅವಕಾಶವಿರಲಿಲ್ಲ. ಆಗಲೂ ಸ್ಟ್ರಿಪ್‌ನಿಂದ ಗನ್ಸ್ ಎನ್ ರೋಸಸ್‌ನಂಥ ತಂಡ ಎದ್ದು ಬಂತು ನಿಜ. ಆದರೆ ಅದು ಏರ್ಪಾಡಿನಿಂದ ಎದ್ದುದಲ್ಲ, ಏರ್ಪಾಡನ್ನು ಮೀರಿ ಎದ್ದದ್ದು.

2006ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ವಿಸ್ಕಿಯನ್ನು ಚಾರಿತ್ರಿಕ ತಾಣವೆಂದು ಗುರುತಿಸಿತು. ವ್ಯಾಲೆಂಟೈನ್ 2008ರಲ್ಲಿ, ಮಾರಿಯೋ ಮ್ಯಾಗ್ಲಿಯೇರಿ 2017ರಲ್ಲಿ ತೀರಿಕೊಂಡರು. ಮ್ಯಾಗ್ಲಿಯೇರಿ ಕುಟುಂಬ ಕ್ಲಬ್ಬನ್ನು ಮುಂದುವರಿಸಿಕೊಂಡು ಬಂದಿದೆ.

ಸಲ್ಲಬೇಕಾದ ಶ್ರೇಯಸ್ಸು

ಅರವತ್ತು ವರ್ಷದ ಸಂಸ್ಥೆಯ ಮೌಲ್ಯ ಕಟ್ಟುವಾಗ ಈ ಮೂರು ತಿಂಗಳನ್ನು ಎಲ್ಲಕ್ಕಿಂತ ಮೇಲಿಡಬೇಕು ಎಂಬುದು ನನ್ನ ಅಭಿಪ್ರಾಯ. ಜಿಮ್ ಮಾರಿಸನ್‌ನ ಪ್ರತಿಭೆಯನ್ನು ವಿಸ್ಕಿ ಸೃಷ್ಟಿಸಲಿಲ್ಲ. ಅದನ್ನು ಯಾವ ಕ್ಲಬ್ಬೂ ಸೃಷ್ಟಿಸಲಾರದು. ವಿಸ್ಕಿ ಮಾಡಿದ್ದು ಸಣ್ಣ, ಲೆಕ್ಕದ ಕೆಲಸಗಳನ್ನು. ಹೆಸರಿಲ್ಲದ ತಂಡಕ್ಕೆ ಒಂದು ರಾತ್ರಿಯ ಬದಲು ಮೂರು ತಿಂಗಳು ಕೊಟ್ಟಿತು. ಅದಕ್ಕೆ ಸಂಬಳ ಕೊಟ್ಟಿತು. ತನಗಿಂತ ಪಳಗಿದವರ ಜೊತೆ ವಾರ ವಾರವೂ ವೇದಿಕೆ ಹಂಚಿಕೊಳ್ಳುವಂತೆ ಮಾಡಿತು. ರಾನಿ ಹ್ಯಾರನ್‌ಳಂತೆ ಖಾಲಿ ಕ್ಲಬ್ಬಿಗೂ ಹೋಗಿ ಕೇಳುವ ಕಿವಿಯೊಂದನ್ನು ಕೆಲಸಕ್ಕೆ ಇಟ್ಟುಕೊಂಡಿತ್ತು.

ಸಂಗೀತ ಸಭೆ, ಉತ್ಸವ, ರಾಕ್ ಕಾರ್ಯಕ್ರಮ ನಡೆಸುವ ನಮ್ಮವರೂ ಇದನ್ನು ಮಾಡಬಲ್ಲರು. ಹೊಸಬರನ್ನು ಒಂದು ಸಂಜೆ ಕರೆದು, ಶಾಲು ಹೊದಿಸಿ ಕಳಿಸಿದರೆ ಸಾಲದು. ಒಬ್ಬರನ್ನೇ ಆರಿಸಿ, ಒಂದು ಋತುವಿನುದ್ದಕ್ಕೂ ಅದೇ ವೇದಿಕೆ ಕೊಡಿ. ಎಷ್ಟೇ ಕಡಿಮೆಯಾದರೂ ಸರಿ, ಸಂಭಾವನೆ ಕೊಡಿ. ಹಿರಿಯರು ಹಾಡುವಾಗ ಅವರಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿ. ಕೇಳುಗರಾದ ನಮ್ಮ ಪಾಲಿನ ಕೆಲಸ ಇನ್ನೂ ಸುಲಭ: ಮುಖ್ಯ ಕಲಾವಿದರು ಬರುವುದು ಎಷ್ಟು ಹೊತ್ತಿಗೆ ಎಂದು ವಿಚಾರಿಸಿ ಮನೆ ಬಿಡುವ ಬದಲು, ಮೊದಲ ಹಾಡಿಗೇ ಹೋಗಿ ಕೂರೋಣ.